ಅಪ್‌ಡೇಟ್: ಆಡಿಯೋ ಪ್ರಾಜೆಕ್ಟ್‌ಗೆ ಇಎಸ್‌ಪಿ32 ಸಾಕು

ಮೈಕಿನ ಧ್ವನಿಯನ್ನು ಆಗಿಂದಾಗಲೇ ಫಿಲ್ಟರ್ ಮಾಡಿ ಸ್ಪೀಕರ್‌ಗೆ ಕಳಿಸಲು ಆರ್ಡುಯಿನೋ ಊನೋ (ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್) ಸಾಕಾ ಎಂದು ಕೇಳಿದ್ದೆ. ಸಾಲದು ಎಂದವರ ಮಾತೇ ಸರಿ: 10 ಬಿಟ್ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ), ಬರೀ 2 ಕೆಬಿ ರ‍್ಯಾಮ್. ಈಗಿನ ಜೋಡಣೆ: ಅದಕ್ಕಿಂತ ಹೆಚ್ಚು ಶಕ್ತಿಯ ಬೋರ್ಡ್ ಆದ ಇಎಸ್‌ಪಿ32, ಐಎನ್‌ಎಂಪಿ441 ಮೈಕ್, ಮ್ಯಾಕ್ಸ್98357ಎ ಆಂಪ್ಲಿಫೈಯರ್, 4 ಓಮ್ 3 ವಾಟ್ ಸ್ಪೀಕರ್.

ಹೆಚ್ಚು ಕಾಡುವುದು ಮೈಕ್. ಐಟುಎಸ್ (ಚಿಪ್‌ಗಳ ನಡುವೆ ಡಿಜಿಟಲ್ ಧ್ವನಿ ಸಾಗಿಸುವ ಸಂಪರ್ಕ) ಅನ್ನು 16 ಬಿಟ್‌ಗೆ ಇಟ್ಟರೆ ಬರೀ ಕಸ ಬರುತ್ತದೆ, ಏಕೆಂದರೆ ಈ ಮೈಕ್‌ಗೆ ಪ್ರತಿ ಫ್ರೇಮ್‌ಗೆ (ಎಡ, ಬಲ ಚಾನೆಲ್‌ನ ಒಂದೊಂದು ಸ್ಯಾಂಪಲ್) 64 ಕ್ಲಾಕ್ ಪಲ್ಸ್ ಬೇಕು. ಪ್ರತಿ ಚಾನೆಲ್‌ಗೆ 32 ಬಿಟ್ ಸ್ಲಾಟ್ (ಜಾಗ) ಇಟ್ಟು, ಓದಿದ ಸಂಖ್ಯೆಯನ್ನು 8 ಬಿಟ್ ಬಲಕ್ಕೆ ಸರಿಸಿ. ಎಲ್/ಆರ್ ಪಿನ್ ಅನ್ನು ತೇಲಲು ಬಿಡದೆ ಗ್ರೌಂಡ್‌ಗೆ ಕಟ್ಟಿ, ಎಡ ಚಾನೆಲ್ ಸಿಗುತ್ತದೆ. ಮೈಕ್‌ಗೆ 3.3 ವೋಲ್ಟ್ ಮಾತ್ರ.

ಆಂಪ್ಲಿಫೈಯರ್‌ಗೆ ಬೋರ್ಡಿನ 3.3 ವೋಲ್ಟ್ ಕೊಡಬೇಡಿ. ವಾಲ್ಯೂಮ್ ಏರಿದಾಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. 5 ವೋಲ್ಟ್ ಸಪ್ಲೈ ಬೇರೆ ಕೊಟ್ಟು, ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಗ್ರೌಂಡ್‌ಗಳನ್ನು ಸೇರಿಸಿ. ಸ್ಪೀಕರ್‌ನ ಮೈನಸ್ ಮಾತ್ರ ಗ್ರೌಂಡ್‌ಗೆ ತಾಗಲೇಬಾರದು, ಎರಡೂ ತಂತಿಯಲ್ಲಿ ಸಿಗ್ನಲ್ ಇರುತ್ತದೆ.

16 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್‌ನ ಒಂದು ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಎಂದರೆ 16 ಮಿಲಿಸೆಕೆಂಡ್. ಒಳಗೆ ಎರಡು, ಹೊರಗೆ ಎರಡು ಇಟ್ಟರೆ ತಡ 64 ಮಿಲಿಸೆಕೆಂಡ್ ತನಕ ಹೋಗುತ್ತದೆ, ಮಾತು ಹಿಂದೆ ಬಿದ್ದದ್ದು ಕಿವಿಗೇ ಗೊತ್ತಾಗುತ್ತದೆ. 64 ಸ್ಯಾಂಪಲ್‌ಗೆ ಇಳಿಸಿ. ಬೈಕ್ವಾಡ್ (ಧ್ವನಿ ಫಿಲ್ಟರಿನ ಒಂದು ಬಗೆ) ಲೆಕ್ಕವೆಲ್ಲ 32 ಬಿಟ್ ದಶಮಾಂಶ ಸಂಖ್ಯೆಯಾದ ಫ್ಲೋಟ್‌ನಲ್ಲೇ ಇರಲಿ, 64 ಬಿಟ್‌ನ ಡಬಲ್ ಬೇಡ: ಈ ಚಿಪ್‌ನ ಎಫ್‌ಪಿಯು (ದಶಮಾಂಶ ಲೆಕ್ಕದ ಘಟಕ) ಸಿಂಗಲ್ ಪ್ರಿಸಿಷನ್, ಅಂದರೆ ಫ್ಲೋಟ್‌ನದು. ಕೋಡ್‌ನಲ್ಲಿ 0.5 ಎಂದು ಬರೆದರೂ ಡಬಲ್ ಆಗುತ್ತದೆ, ಕೊನೆಗೊಂದು ಎಫ್ ಸೇರಿಸಿ (0.5f).