ಜೇಡರ ಬಲೆಯ ‘ರ’ ಎಲ್ಲಿಂದ ಬಂತು?

ಗೆಳೆಯರೇ,

ಮಳೆ ಬಿಟ್ಟ ಮೇಲೆ ಸಾಗರದ ಕಡೆ ನಮ್ಮೂರಿಗೆ ಹೋಗಿದ್ದೆ. ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಎರಡು ಅಡಿಕೆ ಮರಗಳ ನಡುವಿನ ಬಲೆಗೆ ನೇರ ಮುಖ ಕೊಟ್ಟೆ. ಮನೆ ಮೂಲೆಯ ಬಲೆಯ ಹಾಗೆ ಸುಮ್ನೆ ಹರಿದು ಬರಲಿಲ್ಲ, ಹಣೆಗೆ ಬಿಗಿಯಾಗಿ ಜಗ್ಗಿತು. ಹಿಂದೆ ಸರಿದು ನೋಡಿದರೆ ಬಿಸಿಲಿಗೆ ಎಳೆಗಳೆಲ್ಲ ಅರಿಶಿನದ ಬಣ್ಣ. ನಡುವೆ ತಲೆಕೆಳಗಾಗಿ ಕೂತಿದ್ದಳು ಒಡತಿ. ಕಪ್ಪು ಮೈ, ಹಳದಿ ಗೆರೆ, ಕಾಲು ಸೇರಿದರೆ ನನ್ನ ಅಂಗೈಯಷ್ಟು. ಮೇಲೆ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚುಕ್ಕೆ. ಅದು ಗಂಡು, ಪಾಪ! ಪುಸ್ತಕದವರು ಈ ಜಾತಿಗೆ ನೆಫಿಲಾ ಪಿಲಿಪೆಸ್ ಅನ್ನುತ್ತಾರೆ.

ಚಿಕ್ಕಪ್ಪ ಹಿಂದಿನಿಂದ, “ಜೇಡರ ಹುಳ ಮಾರಾಯ, ಏನೂ ಮಾಡಲ್ಲ, ಬಗ್ಗಿ ಬಾ” ಎಂದರು.

ನನ್ನ ಪ್ರಶ್ನೆ ಆ ‘ರ’ದ ಬಗ್ಗೆ. ಬೆಂಗಳೂರಿನಲ್ಲಿ ನಾವು ಬರೀ ‘ಜೇಡ’ ಅನ್ನುತ್ತೇವೆ. ಆದರೆ ಬಲೆಯ ಮಾತು ಬಂದರೆ ‘ಜೇಡರ ಬಲೆ’. ‘ಇರುವೆಯರ ಗೂಡು’, ‘ಇಲಿಯರ ಬಿಲ’ ಅಂತ ಯಾರೂ ಅನ್ನಲ್ಲ ಅಲ್ವಾ? ಒಂಟಿ ಹುಳಕ್ಕೆ ಮನುಷ್ಯರ ಬಹುವಚನ ಯಾಕೆ?

ನನಗೆ ಅನ್ನಿಸುವುದು ಇಷ್ಟು. ಜೇಡರು ಅಂದರೆ ನೇಕಾರರು. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಇರುವುದೂ ಅದೇ. (ನನ್ನ ಮಗಳು “ಅವರು ಜೇಡ ಸಾಕಿದ್ರಾ?” ಅಂತ ಕೇಳಿದ್ದಳು.) ಹಾಗಾದರೆ ಮೊದಲು ಇದ್ದದ್ದು ‘ಜೇಡರ ಹುಳು’, ನೇಯುವವರ ಹುಳು. ಆಮೇಲೆ ಬಾಲ ಉದುರಿ ‘ಜೇಡ’ ಉಳಿಯಿತು. ತೆಲುಗಿನ ‘ಸಾಲೆಪುರುಗು’ ನೋಡಿ. ಸಾಲೆಯವರು ನೇಕಾರರು, ಪುರುಗು ಅಂದರೆ ಹುಳು. ಅದೇ ಜೋಡಣೆ! ಜೇಡಿಮಣ್ಣಿನ ‘ಜೇಡಿ’ಯನ್ನು ಇಲ್ಲಿಗೆ ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ.

ಹೆಸರು ಇಟ್ಟವರು ಮನೆ ಮೂಲೆಯ ಬಲೆ ನೋಡಿ ಇಟ್ಟಿರಲಾರರು, ಅದು ಬರೀ ಸಿಕ್ಕು. ತೋಟದ ಬಲೆಯಲ್ಲಿ ಮೊದಲು ನಡುವಿನಿಂದ ಹೊರಗೆ ಎಳೆದ ನೂಲು, ಅದು ಅಂಟಲ್ಲ. ಅದರ ಮೇಲೆ ಸುತ್ತುಸುತ್ತಾಗಿ ಅಂಟುನೂಲು. ಥೇಟ್ ಹಾಸು, ಹೊಕ್ಕು.

ಇನ್ನೊಂದು. ನಮ್ಮಲ್ಲಿ ಅಡುಗೆಮನೆಯ ಮಾಡಿಗೆ ಮಸಿ ಹಿಡಿದು ಜೋತುಬೀಳುವ ಬಲೆಗೆ ‘ಇಲ್ಲಣ’ ಅನ್ನುತ್ತೇವೆ. ಹಬ್ಬಕ್ಕೆ ಮುಂಚೆ ಇಲ್ಲಣ ಹೊಡೆಯುವ ಕೆಲಸ ಜಾಸ್ತಿ ನನ್ನ ಪಾಲಿಗೇ ಬರುತ್ತಿತ್ತು. ತೋಟದ ಬಲೆಗೆ ಮಾತ್ರ ಯಾರೂ ಇಲ್ಲಣ ಅನ್ನಲ್ಲ. ನಿಮ್ಮ ಕಡೆ ಈ ಎರಡಕ್ಕೂ ಬೇರೆ ಬೇರೆ ಹೆಸರು ಇದೆಯೇ? ಜೇಡ ಬಲೆ ‘ಕಟ್ಟುತ್ತದೆ’ಯೋ, ‘ಹೆಣೆಯುತ್ತದೆ’ಯೋ, ‘ನೇಯುತ್ತದೆ’ಯೋ? ಕೊಡಗು, ಧಾರವಾಡದ ಕಡೆಯವರು ದಯವಿಟ್ಟು ತಿಳಿಸಿ.