ದುಬಾರಿ ರೂಟರ್ ತಂದರೆ ಉಪ್ಪರಿಗೆಯ ಕೋಣೆಗೆ ಸಿಗ್ನಲ್ ಸಿಕ್ಕೀತೇ?

ಪ್ರಶ್ನೆ: ಸರ್, ಬದಿಯಡ್ಕದ ಸಮೀಪ ನಮ್ಮದು ಹಳೆಯ ಮುರಕಲ್ಲಿನ ಮನೆ. 100 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿದೆ. ಚಾವಡಿಯಲ್ಲಿ ವೇಗ ಚೆನ್ನಾಗಿದ್ದರೂ, ಮಗಳು ಆಫೀಸಿನ ಕೆಲಸಕ್ಕೆ ಕುಳಿತುಕೊಳ್ಳುವ ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ ವೀಡಿಯೊ ಕರೆ ಪದೇ ಪದೇ ನಿಂತುಹೋಗುತ್ತದೆ. ಅಂಗಡಿಯವರು ಎಂಟು ಆ್ಯಂಟೆನಾಗಳಿರುವ, 18,000 ರೂಪಾಯಿಯ ವೈಫೈ 7 ರೂಟರ್ ತೋರಿಸಿದರು. ಅಷ್ಟು ಹಣ ಹಾಕಬಹುದೇ?

ಉತ್ತರ: ಬೇಡ. ಚಾವಡಿಯಲ್ಲಿ ವೇಗವಿದೆ ಎಂದು ನೀವೇ ಬರೆದಿದ್ದೀರಿ. ಅಂದಮೇಲೆ ಲೈನೂ ಸರಿಯಿದೆ, ಈಗಿನ ರೂಟರೂ ಸರಿಯಿದೆ, ತೊಂದರೆಯಿರುವುದು ನಡುವಿನ ಗೋಡೆಗಳಲ್ಲಿ. 2.4 ಗಿಗಾಹರ್ಟ್ಸ್‌ನ ಅಲೆಗಳು ವೇಗ ಕಡಿಮೆಯಾದರೂ ಗೋಡೆಯನ್ನು ಒಂದಿಷ್ಟು ದಾಟುತ್ತವೆ. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್‌ನವು ದಪ್ಪ ಮುರಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತವೆ, ಮಳೆಗಾಲದಲ್ಲಿ ನೀರು ಹೀರಿದ ಗೋಡೆಯಾದರೆ ಕೇಳುವುದೇ ಬೇಡ. ರೂಟರಿನ ಪ್ರಸಾರಶಕ್ತಿಗೆ ಕಾನೂನಿನ ಮಿತಿಯಿರುವುದರಿಂದ, ಆ್ಯಂಟೆನಾ ಎಷ್ಟೇ ಇದ್ದರೂ ಅದು ಮಿತಿ ಮೀರಿ ಕೂಗುವಂತಿಲ್ಲ. ಅದು ಕೂಗಿದರೂ ಲ್ಯಾಪ್‌ಟಾಪಿನ ಸಣ್ಣ ದನಿ ಅದೇ ಗೋಡೆಗಳನ್ನು ದಾಟಿ ಹಿಂದಕ್ಕೆ ಬರಬೇಕಲ್ಲ? ಮಗಳ ಲ್ಯಾಪ್‌ಟಾಪಿನಲ್ಲಿ ವೈಫೈ 7 ಇಲ್ಲದಿದ್ದರೆ ಆ ಹೆಚ್ಚುಗಾರಿಕೆಯೂ ಪೆಟ್ಟಿಗೆಯೊಳಗೇ ಉಳಿಯುತ್ತದೆ.

ಚಾವಡಿಯ ರೂಟರಿನಿಂದ ಉಪ್ಪರಿಗೆಗೆ ಕ್ಯಾಟ್ 6 ಎಂಬ ತಾಮ್ರದ ನೆಟ್‌ವರ್ಕ್ ಕೇಬಲ್ ಒಂದನ್ನು ಎಳೆಸಿ (100 ಮೀಟರ್‌ವರೆಗೆ ಚಿಂತೆಯಿಲ್ಲ), ಅದರ ತುದಿಗೆ ಸಾಧಾರಣ ಬೆಲೆಯ ವೈಫೈ 6 ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ (ಕೇಬಲಿನಲ್ಲಿ ಬಂದ ಸಂಪರ್ಕವನ್ನು ಅಲ್ಲಿಂದ ವೈಫೈಯಾಗಿ ಹರಡುವಂತೆ) ಹೊಂದಿಸಿ, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಕೊಳ್ಳುವಾಗ ಕೇಬಲ್ ಸಿಕ್ಕಿಸುವ ಪೋರ್ಟ್‌ಗಳು ಗಿಗಾಬಿಟ್‌ನವೇ (1000 ಎಂಬಿಪಿಎಸ್‌ನವೇ) ಎಂದು ಡಬ್ಬದ ಮೇಲೆ ಓದಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸುವ, ತಂತಿಯಿಲ್ಲದ ಮೆಶ್ ರೂಟರ್ ಜೋಡಿಯನ್ನು ನಿಮ್ಮ ಮನೆಗೆ ಹೇಳಲಾರೆ, ಏಕೆಂದರೆ ಅದರ ಎರಡು ಪೆಟ್ಟಿಗೆಗಳೂ ಆ ಗೋಡೆಗಳ ಮೂಲಕವೇ ಪರಸ್ಪರ ಮಾತನಾಡಬೇಕು. 500 ಎಂಬಿಪಿಎಸ್‌ಗಿಂತ ಮೇಲಿನ ಪ್ಲಾನ್ ಇದ್ದು, ಹೋಮ್‌ಸ್ಟೇಯಂತೆ ಹತ್ತಾರು ಮೊಬೈಲುಗಳು ಒಟ್ಟಿಗೆ ಸೇರುವಲ್ಲಿ ದುಬಾರಿ ರೂಟರಿಗೆ ಅರ್ಥವಿದೆ.

ಪ್ರಶ್ನೆ: ಬಹಳ ಉಪಕಾರವಾಯಿತು. ಅಂಗಳದಾಚೆ ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಕ್ಯಾಮೆರಾ ಇಡಬೇಕೆಂದಿದ್ದೇವೆ. ಅಲ್ಲಿಗೂ ಇದೇ ಕೇಬಲ್ ಎಳೆಯಬಹುದೇ?

ಉತ್ತರ: ಅಲ್ಲಿಗೆ ಮಾತ್ರ ತಾಮ್ರದ ಕೇಬಲ್ ಬೇಡ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ನಿಮಗೆ ಗೊತ್ತಿರುವಂಥದ್ದೇ. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತೂಗುವ ತಾಮ್ರದ ತಂತಿಯಲ್ಲಿ, ಸಿಡಿಲು ನೇರವಾಗಿ ಬಡಿಯದೆ ಹತ್ತಿರದ ತೆಂಗಿಗೆ ಬಡಿದರೂ, ಎರಡೂ ತುದಿಯ ಉಪಕರಣಗಳನ್ನು ಸುಡುವಷ್ಟು ವಿದ್ಯುತ್ ಹುಟ್ಟಿಕೊಳ್ಳಬಹುದು. ಅಂಥ ಮಳೆಯ ಮರುದಿನ ನನ್ನ ಮೇಜಿನ ಮೇಲೆ ಬಂದು ಕೂರುವ ರೂಟರುಗಳಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ಒಂದೇ ಕಪ್ಪಾಗಿ, ಉಳಿದದ್ದೆಲ್ಲ ಹೊಸದರಂತಿರುವುದುಂಟು. ಒಳಗೆ ಉಕ್ಕಿನ ತಂತಿಯಿಲ್ಲದ ಫೈಬರ್ ಕೇಬಲ್ ತರಿಸಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲಿನ ಸಂಕೇತವಾಗಿಯೂ ಅದನ್ನು ಮರಳಿ ಬೆಳಕಾಗಿಯೂ ಬದಲಿಸುವ ಪೆಟ್ಟಿಗೆ) ಹಾಕಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಕರೆಂಟಿನ ತಂತಿಯ ಮೂಲಕವೂ ಸಿಡಿಲಿನ ಪೆಟ್ಟು ಒಳಬರುವುದರಿಂದ, ಗುಡುಗು ಕೇಳಿಸುವ ಮೊದಲೇ ಮೋಡ ಕಂಡು ಅಡಾಪ್ಟರುಗಳನ್ನು ಪ್ಲಗ್‌ನಿಂದ ಕಳಚಿಡಿ.