ಸಹಾಯ ಬೇಕು: ಅಪ್ಪನ ಶ್ವಾಸಕೋಶದ ಕ್ಯಾನ್ಸರ್‌ಗೆ ಕ್ಲಿನಿಕಲ್ ಟ್ರಯಲ್

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ, ಊರು ತೀರ್ಥಹಳ್ಳಿ ಕಡೆ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಬೀಡಿ ಸಿಗರೇಟು ಮುಟ್ಟಿದವರೇ ಅಲ್ಲ. ಇಜಿಎಫ್ಆರ್ ಮ್ಯುಟೇಶನ್ (ಕ್ಯಾನ್ಸರ್ ಬೆಳೆಸುವ ಒಂದು ಜೀನ್ ಬದಲಾವಣೆ) ಇದೆ ಅಂತ ಗೊತ್ತಾಗಿ ಅದಕ್ಕೇ ಕೊಡುವ ಒಸಿಮರ್ಟಿನಿಬ್ ಮಾತ್ರೆ ಶುರು ಮಾಡಿದ್ದೆವು. 14 ತಿಂಗಳು ಚೆನ್ನಾಗಿದ್ದರು, ತೋಟಕ್ಕೂ ಹೋಗುತ್ತಿದ್ದರು. ಈಗ ಸ್ಕ್ಯಾನ್‌ನಲ್ಲಿ ಗಡ್ಡೆ ಮತ್ತೆ ಬೆಳೆದಿದೆ. ರಾತ್ರಿ ಎರಡು ದಿಂಬಿಗೆ ಒರಗಿ ಕೂತೇ ನಿದ್ದೆ.

ಕೀಮೋ ಮಾಡಬಹುದು, ಟ್ರಯಲ್ (ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನ) ಇದ್ದರೂ ವಿಚಾರಿಸಿ ಅಂದರು ಡಾಕ್ಟರು. ನಮ್ಮ ದೇಶದ ಟ್ರಯಲ್‌ಗಳೆಲ್ಲ ಸಿಟಿಆರ್‌ಐನಲ್ಲಿ (ಟ್ರಯಲ್‌ಗಳ ಸರ್ಕಾರಿ ವೆಬ್‌ಸೈಟ್) ನೋಂದಣಿ ಆಗಬೇಕಲ್ವಾ, ಅಲ್ಲೇ ಎರಡು ರಾತ್ರಿ ಹುಡುಕಿದೆ. ಸೇರಿಸಿಕೊಳ್ಳುತ್ತಿದ್ದೇವೆ ಅಂತ ಇದ್ದ ಒಂದು ಕಡೆ ಫೋನ್ ಮಾಡಿದರೆ ಭರ್ತಿಯಾಗಿದೆ ಅಂದರು.

ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ಟ್ರಯಲ್‌ಗೆ ಸೇರಿದವರು ಯಾರಾದರೂ ಇದ್ದೀರಾ? ಮತ್ತೆ ಬಯಾಪ್ಸಿ ಕೇಳುತ್ತಾರಾ, ರಕ್ತದ ಪರೀಕ್ಷೆ ಸಾಕಾ? ಒಮ್ಮೆ ಕೀಮೋ ತಗೊಂಡರೆ ಆಮೇಲೆ ಸೇರಿಸಿಕೊಳ್ಳಲ್ವಾ? ಇದೇ ದೊಡ್ಡ ಚಿಂತೆ. ಔಷಧಿ ಉಚಿತ ಇದ್ದರೂ ಓಡಾಟ, ರೂಮಿನ ಖರ್ಚು ಎಷ್ಟಾಯಿತು?

ಅಮ್ಮನಿಗೆ ಬೇರೆಯೇ ಭಯ, "ಸುಮ್ನೆ ಪ್ರಯೋಗದ ಇಲಿ ಮಾಡ್ತಾರೆ" ಅಂತ. ಹೊಸ ಔಷಧಿ ಸಿಗದ ಗುಂಪಿಗೂ ಸಾಮಾನ್ಯವಾಗಿ ಈಗಿರುವ ಚಿಕಿತ್ಸೆ ಕೊಡುತ್ತಾರೆ, ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು ಅಂದೆ. ನಂಬುತ್ತಿಲ್ಲ. ಅನುಭವ ಇರುವವರು ಅಮ್ಮನ ಜೊತೆ ಐದು ನಿಮಿಷ ಮಾತಾಡಿದರೂ ಉಪಕಾರ. ಮುಂದಿನ ಸೋಮವಾರ ಕೀಮೋ ಬಗ್ಗೆ ಹೇಳಬೇಕು.